ಹಿರೇಕೆರೆಯ ನಾಡಿ

ಹಿರೇಕೆರೆಯ ನಾಡಿ ಏಳು ತಾಸು. ಹನುಮನಕಟ್ಟಿಯ ಶಾಲೆ ಮಕ್ಕಳಿಗೂ ಇದು ಬಾಯಿಪಾಠವಾಗಿತ್ತು. ಕೆರೆ ಏರಿಯ ಮೇಲೆ, ಪುರಸಭೆಯ ಬಾಗಿಲಲ್ಲಿ, ಡಿಗ್ರಿ ಕಾಲೇಜಿನ ಗಣಿತ ವಿಭಾಗದ ಗೋಡೆಯಲ್ಲಿ ಹನ್ನೆರಡು ವರ್ಷದಿಂದ ಒಂದೊಂದು ಹಸಿರು ದೀಪ ಉರಿಯುತ್ತಿತ್ತು. ಅದು ಹಸಿರಾಗಿರುವ ತನಕ ಕೆರೆಯ ಚಿಂತೆಯನ್ನು ಯಾರೂ ಮಾಡಬೇಕಾಗಿರಲಿಲ್ಲ. ಯಾರೂ ಮಾಡಲೂ ಇಲ್ಲ.

ಕೆರೆಗೂ ನಾಡಿ ಇದೆ ಎಂದು ಆ ಊರಿಗೆ ಹೇಳಿಕೊಟ್ಟವಳು ಕಾಲೇಜಿನ ಗಣಿತದ ಅಧ್ಯಾಪಕಿ ನೀಲಾಂಬಿಕಾ ಹಳ್ಳೂರ. ಬಾವು ಬಂದ ಕಾಲನ್ನು ಡಾಕ್ಟರು ಹೆಬ್ಬೆರಳಿನಿಂದ ಒತ್ತಿ ಬಿಡುತ್ತಾರೆ. ಗುಳಿ ತುಂಬಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ ರೋಗದ ಆಳ ಹೇಳುತ್ತಾರೆ. ಕೆರೆಯನ್ನೂ ಹಾಗೆ ಚೂರು ಒತ್ತಿ ನೋಡಿದರೇನು ಎಂಬುದು ಅವಳ ಪ್ರಶ್ನೆಯಾಗಿತ್ತು. ಗಟ್ಟಿಮುಟ್ಟಾದ ಕೆರೆ ಬೇಗ ಸುಧಾರಿಸಿಕೊಳ್ಳುತ್ತದೆ. ಸಾಯುವ ಅಂಚಿಗೆ ಬಂದ ಕೆರೆ ತಡವಾಗಿ ಸುಧಾರಿಸಿಕೊಳ್ಳುತ್ತದೆ, ಇನ್ನೂ ಅಂಚಿಗೆ ಹೋದಂತೆ ಇನ್ನೂ ತಡ, ಕೊನೆಗೊಂದು ದಿನ ಸುಧಾರಿಸಿಕೊಳ್ಳುವುದೇ ಇಲ್ಲ. ಮಗುಚಿ ಬೀಳಲಿರುವ ಯಾವುದೇ ಆದರೂ ಮೊದಲು ನಿಧಾನವಾಗುತ್ತದೆ ಎಂಬುದು ಗಣಿತದವರಿಗೆ ಹಳೆಯ ವಿಷಯವೇ. ಆ ಸಮೀಕರಣವನ್ನು ಕರಿಹಲಗೆಯಿಂದ ಇಳಿಸಿ ಕೆಸರಿಗೆ ತಂದದ್ದು ಮಾತ್ರ ಅವಳದು.

ಅದಕ್ಕೆ ಬೇಕಾದ ಸಾಮಾನು ಒಂದು ತಳವಿಲ್ಲದ ಡ್ರಮ್ಮು, ಅರ್ಧ ಕಿಲೋ ಬೆಲ್ಲ, ನೀರಿನೊಳಗಿನ ಆಮ್ಲಜನಕ ಅಳೆಯುವ ಕೈಮೀಟರು. ಡ್ರಮ್ಮನ್ನು ಸೊಂಟದುದ್ದ ನೀರಿನಲ್ಲಿ ಕೆಸರಿಗೆ ಊರಿ, ಬೆಳಿಗ್ಗೆ ಆರಕ್ಕೆ ಬೆಲ್ಲ ಕರಗಿಸಿದ ನೀರು ಸುರಿಯಬೇಕು. ಕಣ್ಣಿಗೆ ಕಾಣದ ಜೀವಿಗಳು ಬೆಲ್ಲ ತಿಂದು ಆಮ್ಲಜನಕ ಕುಡಿದುಬಿಡುತ್ತವೆ. ಡ್ರಮ್ಮಿನೊಳಗಿನ ನೀರು ಮತ್ತೆ ಹೊರಗಿನ ನೀರಿನ ಸಮಕ್ಕೆ ಬರಲು ಎಷ್ಟು ತಾಸು ಹಿಡಿಯಿತೋ ಅದು ಕೆರೆಯ ನಾಡಿ. ವಾರಕ್ಕೊಮ್ಮೆ ಇಬ್ಬಿಬ್ಬರು ವಿದ್ಯಾರ್ಥಿಗಳು ಸರದಿಯ ಮೇಲೆ ನಾಡಿ ನೋಡಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಈ ಪಾಠಕ್ಕೆ ‘ಕೆರೆಗಣಿತ’ ಎಂದು ಹೆಸರು.

ಪಾಠ ಹೋಗಿ ಕಾಯಿದೆಯಾಯಿತು. ನಾನೂರ ಹನ್ನೆರಡು ಕಾಲೇಜುಗಳಿಗೆ ನಾನೂರ ಹನ್ನೆರಡು ಕೆರೆಗಳನ್ನು ಹಂಚಿದರು. ಎಲ್ಲ ಕಾಲೇಜುಗಳ ಸಂಖ್ಯೆಯೂ ರಾಜಧಾನಿಯ ಒಂದು ಲೆಕ್ಕಯಂತ್ರಕ್ಕೆ ಹೋಗುತ್ತಿತ್ತು, ದೀಪದ ಬಣ್ಣವನ್ನು ಅದೇ ತೀರ್ಮಾನಿಸುತ್ತಿತ್ತು. ಕೆಂಪು ಬಂದರೆ ಮಂತ್ರಿಯ ಮಾತಿಗೂ ಬೆಲೆಯಿಲ್ಲ, ಊರಿನ ಗಟಾರದ ಒಂದು ಹನಿಯೂ ಆ ಕೆರೆಗೆ ಬೀಳುವಂತಿಲ್ಲ. ಕೆರೆಯಲ್ಲೇ ಯಂತ್ರ ತೇಲಿಬಿಟ್ಟರೆ ಸಾಲದೇ ಎಂದು ಒಬ್ಬ ಅಧಿಕಾರಿ ಕೇಳಿದ್ದ. ಪಾಚಿ ಕಟ್ಟಿದ ಯಂತ್ರ ಮೂರು ತಿಂಗಳಲ್ಲಿ ಸುಳ್ಳು ಹೇಳತೊಡಗುತ್ತದೆ ಎಂಬುದು ನೀಲಾಂಬಿಕಾಗೆ ಗೊತ್ತಿತ್ತು. “ಮಕ್ಕಳ ಕೈಗೆ ಪಾಚಿ ಕಟ್ಟುವುದಿಲ್ಲ ಸರ್,” ಎಂದಿದ್ದಳು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತ್ತು.

ಹೀಗಿರುವಾಗ ಆ ವರ್ಷದ ಜನವರಿಯಲ್ಲಿ ಕೊನೆಯ ವರ್ಷದ ಹುಡುಗಿ ಕಸ್ತೂರಿ ಅಂಬಿಗೇರ ರೆಕಾರ್ಡ್ ಪುಸ್ತಕ ಹಿಡಿದು ಅವಳ ಮೇಜಿನ ಮುಂದೆ ನಿಂತಳು. ಕೆರೆ ಏರಿಯ ಕೆಳಗಿನ ಮೀನುಗಾರರ ಓಣಿಯವಳು.

“ಮೇಡಂ, ಹ್ವಾದ ವಾರ ಮೂವತ್ತೊಂದು ತಾಸು ಬಂದಿತ್ರಿ. ಅಳತೆ ತಪ್ಪು, ಮತ್ತ ಮಾಡು ಅಂತ ಬರದ್ರಿ. ಮಾಡಿದ್ನಿ. ಈಗ ಮೂವತ್ಮೂರು ಬಂದೈತ್ರಿ.”

“ಏಳು ಬರೋ ಕಡೆ ಮೂವತ್ಮೂರು? ಮೀಟರ್ ಕೆಟ್ಟಿರಬೇಕು. ಇಲ್ಲಾ ಬೆಲ್ಲದ ತೂಕ ತಪ್ಪಿರಬೇಕು.”

“ಬೆಲ್ಲ ಅಂಗಡ್ಯಾಗ ತೂಗಿಸೇನ್ರಿ. ಮೀಟರೂ ಬದಲಿ ಮಾಡಿ ನೋಡೇನಿ.”

“ಹಂಗಾದ್ರ ಉಳದವರೆಲ್ಲಾ ಹೆಂಗ ಏಳು ತರತಾರ?”

ಕಸ್ತೂರಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. “ಅವರು ಹೆಂಗ ತರತಾರ ನನಗ ಗೊತ್ತಿಲ್ರಿ. ನೀವ ಒಂದ್ಸಲ ಬಂದು ಕುಂದ್ರರಿ, ಮೇಡಂ.”

ಮಾತು ಚುಚ್ಚಿತು. ನೀಲಾಂಬಿಕಾ ಕೆರೆಯ ದಂಡೆಯಲ್ಲಿ ಕೂತು ಐದು ವರ್ಷದ ಮೇಲಾಗಿತ್ತು. ಮೊಣಕಾಲು ನೋವು ಒಂದು ನೆಪ. ಬೇರೆ ಕಾಲೇಜುಗಳಿಗೆ ಹೋಗಿ ಕೆರೆಗಣಿತ ಹೇಳಿಕೊಡುವ ಓಡಾಟದಲ್ಲಿ ತನ್ನ ಕೆರೆಗೆ ಹೋಗಲು ಪುರುಸೊತ್ತು ಇರಲಿಲ್ಲ ಎಂಬುದು ನಿಜ. ಹೋಗಿ ಈ ಹುಡುಗಿಯ ತಪ್ಪನ್ನು ಹಿಡಿದು ತೋರಿಸಿಯೇ ಬರುತ್ತೇನೆ ಎಂದುಕೊಂಡಳು.

ಬುಧವಾರ ಬೆಳಿಗ್ಗೆ ಆರಕ್ಕೆ ಬೆಲ್ಲದ ನೀರನ್ನು ಅವಳೇ ಸುರಿದಳು. ಅರ್ಧರ್ಧ ತಾಸಿಗೆ ಕಸ್ತೂರಿ ನೀರಿಗಿಳಿದು ಮೀಟರು ಓದಿ ಕೂಗುತ್ತಿದ್ದಳು, ನೀಲಾಂಬಿಕಾ ಬರೆದುಕೊಳ್ಳುತ್ತಿದ್ದಳು. ಒಂದು ಗಂಟೆಗೆ ಸಮಕ್ಕೆ ಬರಬೇಕಿತ್ತು. ಬರಲಿಲ್ಲ. ಎರಡಾಯಿತು, ಮೂರಾಯಿತು. ಒಂದು ಗಂಟೆಗೇ ಪೇಟೆಯ ಬಸ್ಸೊಂದು ಏರಿಯ ಮೇಲೆ ನಿಂತು ಹೋಗಿತ್ತು. ಅಳತೆಗೆ ಬಂದ ಮಕ್ಕಳೆಲ್ಲ ಮನೆಗೆ ಹೋಗುವುದು ಅದೇ ಬಸ್ಸಿಗೆ ಎಂದು ಕಸ್ತೂರಿ ಹೇಳಿದಳು, ಆಮೇಲೆ ತುಟಿ ಕಚ್ಚಿಕೊಂಡಳು.

ಕಸ್ತೂರಿಯ ತಾಯಿ ದುರ್ಗವ್ವ ಚಹಾ ತಂದಳು. ಮೀನು ಮಾರುವ ಬುಟ್ಟಿಯನ್ನು ಪಕ್ಕಕ್ಕಿಟ್ಟು ಕಲ್ಲಿನ ಮೇಲೆ ಕೂತು ನಕ್ಕಳು. “ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನ್ರಿ ಅಕ್ಕಾರ? ಬರೂದು ಬಂದ್ರಿ, ತಡ ಮಾಡಿ ಬಂದ್ರಿ.”

“ಯಾಕವ್ವ, ಹಂಗ್ಯಾಕಂತಿ?”

“ಎರಡು ವರ್ಷಾತು ನೋಡ್ರಿ. ನಸುಕಿನ್ಯಾಗ ಮೀನು ಮ್ಯಾಲ ಬಂದು ಬಾಯಿ ಬಿಡತಾವ, ಉಸರು ಸಿಗದವರಂಗ. ಒಳ್ಳೆ ಮೀನ ಸಿಗೂದ ಬಂದ್ ಆತು. ಪುರಸಭೆಗೆ ಹೋಗಿ ಹೇಳಿದ್ರ ಆ ಸಾಹೇಬ ದೀಪ ತೋರಸ್ತಾನ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ? ನಾವು ಓದಿದವರಲ್ಲ ಅಂತ ಸುಮ್ಮನಾದ್ವಿ.”

ನೀಲಾಂಬಿಕಾ ಚಹಾದ ಲೋಟ ಕೆಳಗಿಟ್ಟಳು. ಆರು ವರ್ಷದ ಹಿಂದೆ ಹೊಸ ಬಡಾವಣೆಗಳ ಗಟಾರವನ್ನು ಈ ಕೆರೆಗೆ ಬಿಟ್ಟಿದ್ದರು. ಏಳು ತಾಸಿನ ನಾಡಿಯ ಕೆರೆ ಅಷ್ಟು ಹೊಲಸನ್ನು ತಾಳಿಕೊಳ್ಳುತ್ತದೆ ಎಂದು ಸಮೀಕರಣ ಬಿಡಿಸಿ ಒಪ್ಪಿಗೆ ಬರೆದುಕೊಟ್ಟವಳು ಅವಳೇ. ಅವಳ ಮನೆಯೂ ಇದ್ದದ್ದು ಅವುಗಳಲ್ಲೊಂದು ಬಡಾವಣೆಯಲ್ಲಿ. ಸಂಜೆ ಆರಕ್ಕೆ ಮನೆಗೆ ಹೋಗಿ ಬೆಳಿಗ್ಗೆ ಮತ್ತೆ ಬಂದಳು. ತಾಯಿಯೂ ಮಗಳೂ ರಾತ್ರಿಯ ಅಳತೆಗಳನ್ನು ತಪ್ಪದೆ ಬರೆದಿದ್ದರು. ಒಳಗಿನ ನೀರು ಹೊರಗಿನ ಸಮಕ್ಕೆ ಬಂದಾಗ ಗುರುವಾರ ಮಧ್ಯಾಹ್ನ ನಾಲ್ಕು ಗಂಟೆ. ಮೂವತ್ನಾಲ್ಕು ತಾಸು.

ಶುಕ್ರವಾರ ಮಧ್ಯಾಹ್ನ ಗಣಿತ ವಿಭಾಗದ ಕಪಾಟಿನ ಬೀಗ ತೆಗೆಸಿ ಹನ್ನೆರಡು ವರ್ಷದ ರೆಕಾರ್ಡ್ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಬ್ಬಳು ಓದುವುದು, ಇನ್ನೊಬ್ಬಳು ಹೋಲಿಸುವುದು.

“ಎಂಟನೇ ವಾರ?” ಎಂದಳು ನೀಲಾಂಬಿಕಾ.

“ಆರು ಬಿಂದು ಒಂಬತ್ತು ಎರಡು. ಮುಂದಿನ ವರ್ಷದ್ದು ಆರು ಬಿಂದು ಒಂಬತ್ತು ಮೂರು. ಅದರ ಮುಂದಿಂದು ಆರು ಬಿಂದು ಒಂಬತ್ತು ಒಂದ್ರಿ.”

ಎರಡನೆಯ ದಶಮಾಂಶವಷ್ಟೇ ಬದಲಾಗಿತ್ತು. ಜಾಣ ಮಕ್ಕಳು! ಹಿರಿಯರ ರೆಕಾರ್ಡು ನೋಡಿ ಕಿರಿಯರು ಬರೆಯುವುದು ನಮ್ಮ ಕಾಲೇಜುಗಳಲ್ಲಿ ಇಂದು ನಿನ್ನೆಯದಲ್ಲ. ಭೌತಶಾಸ್ತ್ರದ ಲೋಲಕವನ್ನೂ ರಸಾಯನಶಾಸ್ತ್ರದ ಲವಣವನ್ನೂ ಹಾಗೆಯೇ ತಲೆಮಾರುಗಟ್ಟಲೆ ಬರೆದುಕೊಂಡು ಬಂದಿದ್ದಾರೆ, ಯಾವ ಲೋಲಕವೂ ಅದರಿಂದ ಸತ್ತಿಲ್ಲ. ಕೆರೆಯನ್ನೂ ಅದೇ ಲೆಕ್ಕಕ್ಕೆ ಹಾಕಿದ್ದರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುವಂತೆ ಒಂದೇ ವರ್ಷದ ಕೆರೆಯನ್ನು ಹನ್ನೆರಡು ವರ್ಷ ಹಾಡಿದ್ದರು.

“ಮೇಡಂ, ಇಲ್ಲಿ ನೋಡ್ರಿ,” ಎಂದಳು ಕಸ್ತೂರಿ. ಹದಿನಾಲ್ಕನೆಯ ವಾರದ ಷರಾ ಕಾಲಮ್ಮಿನಲ್ಲಿ ಮೊದಲ ತಂಡದವರು ‘ಮಳೆ ಬಂತು’ ಎಂದು ಬರೆದಿದ್ದರು. ಎರಡನೆಯ ವರ್ಷವೂ ಹದಿನಾಲ್ಕನೆಯ ವಾರ ಮಳೆ ಬಂದಿತ್ತು. ಮೂರನೆಯ ವರ್ಷವೂ. ಕಾಲೇಜು ತಡವಾಗಿ ಶುರುವಾಗಿ ಹದಿನಾಲ್ಕನೆಯ ವಾರ ಜನವರಿಗೆ ಬಿದ್ದ ವರ್ಷವೂ ಹನುಮನಕಟ್ಟಿಯಲ್ಲಿ ಅದೇ ವಾರ ಮಳೆ ಬಂದಿತ್ತು. ನಗಬೇಕಾದ ಮಾತು. ಇಬ್ಬರಿಗೂ ನಗು ಬರಲಿಲ್ಲ.

ಆ ಮೊದಲ ತಂಡದ ಪುಸ್ತಕವನ್ನು ನೀಲಾಂಬಿಕಾ ಚೆನ್ನಾಗಿ ಬಲ್ಲಳು. ಅಕ್ಷರ ಮುತ್ತಿನಂತಿದೆ, ರೇಖಾಚಿತ್ರ ನೇರವಾಗಿದೆ ಎಂದು ಕಂದುಬಣ್ಣದ ಹೊದಿಕೆ ಹಾಕಿ, ‘ಮಾದರಿ ರೆಕಾರ್ಡ್’ ಎಂದು ಬರೆದು, ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಇಟ್ಟವಳು ಅವಳೇ.

ಅದಕ್ಕಿಂತ ದೊಡ್ಡ ಪೆಟ್ಟು ಆರನೆಯ ವರ್ಷದ ಪುಸ್ತಕದಲ್ಲಿತ್ತು. ಗಟಾರ ಬಿಟ್ಟ ವರ್ಷ ಅದು. ಯಾರೋ ಒಬ್ಬ ವಿದ್ಯಾರ್ಥಿ ಒಂಬತ್ತೂವರೆ ತಾಸು ಎಂದು ಬರೆದಿದ್ದ. ಅದರ ಮೇಲೆ ಅವಳದೇ ಕೆಂಪು ಶಾಯಿ: ಅಳತೆ ತಪ್ಪು, ಮತ್ತೆ ಮಾಡಿ. ಅವನು ಮತ್ತೆ ಮಾಡಿ ಹತ್ತು ತಾಸು ಬರೆದಿದ್ದ. ಮತ್ತೆ ಕೆಂಪು ಶಾಯಿ. ಮೂರನೆಯ ಸಲ ಏಳು ಬಿಂದು ಒಂದು ಎಂದು ಬರೆದಿದ್ದ. ಅದಕ್ಕೆ ಅವಳು ಸರಿ ಗುರುತು ಹಾಕಿ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದಳು. ಮಾಮೂಲಿ ಅಂತರಕ್ಕಿಂತ ಮೂರು ಪಟ್ಟು ದೂರ ಬಿದ್ದ ಸಂಖ್ಯೆ ತಪ್ಪು ಅಳತೆ ಎಂದು ತರಗತಿಯಲ್ಲಿ ಕಲಿಸಿದ್ದವಳು, ಕೆರೆ ಬದಲಾದರೆ ಸಂಖ್ಯೆಯೂ ದೂರ ಬೀಳುತ್ತದೆ ಎಂಬುದನ್ನು ತಾನೇ ಮರೆತಿದ್ದಳು. ಆ ಹುಡುಗನ ಹೆಸರನ್ನು ಎರಡು ಸಲ ಓದಿದಳು. ಮುಖ ನೆನಪಾಗಲಿಲ್ಲ. ಅವಳ ಕಣ್ಣು ತುಂಬಿ ಬಂತು, ಕಸ್ತೂರಿಯ ಮುಂದೆಯೇ ಅತ್ತಳು.

ಆ ಸಂಜೆ ಮನೆಯಲ್ಲಿ ಗಂಡ ಮಹಾಂತೇಶ ಎಲ್ಲವನ್ನೂ ಕೇಳಿಸಿಕೊಂಡ. ಬ್ಯಾಂಕಿನಿಂದ ನಿವೃತ್ತನಾದ ಸಮಾಧಾನದ ಮನುಷ್ಯ. ತಟ್ಟೆಗೆ ರೊಟ್ಟಿ ಹಾಕುತ್ತ ಹೇಳಿದ, “ಖರೇ ನಂಬರ್ ಹಾಕು, ಬ್ಯಾಡನ್ನಂಗಿಲ್ಲ. ಆದ್ರ ಹಿಂದಿಂದು ಕೆದರಬ್ಯಾಡ. ನಾನೂರು ಕಾಲೇಜಿನವರು ನಿನ್ನ ಹೆಸರು ಹೇಳಿ ಪಾಠ ಮಾಡತಾರ. ಎಲ್ಲಾ ಮಣ್ಣುಪಾಲು ಆಗತೈತಿ.”

“ಹಿಂದಿಂದು ಕೆದರದ ಖರೇ ನಂಬರ್ ಹಾಕಾಕ ಆಗತೈತೇನು, ನೋಡೂಣು,” ಎಂದಳು ಅವಳು.

ಆಗಲಿಲ್ಲ. ಶನಿವಾರ ವಿಭಾಗದ ಕಂಪ್ಯೂಟರಿನಲ್ಲಿ ಮೂವತ್ನಾಲ್ಕು ಎಂದು ಒತ್ತಿದಳು. ರಾಜಧಾನಿಯ ಲೆಕ್ಕಯಂತ್ರ ಎರಡು ಕ್ಷಣ ಯೋಚಿಸಿ ಉತ್ತರ ಕೊಟ್ಟಿತು: ‘ಈ ಸಂಖ್ಯೆ ನಿರೀಕ್ಷಿತ ಮಿತಿಯ ಹೊರಗಿದೆ. ಅಳತೆ ತಪ್ಪಿರಬಹುದು. ಮತ್ತೆ ಅಳೆಯಿರಿ.’ ಅದನ್ನು ದೂರುವಂತಿರಲಿಲ್ಲ. ದೂರ ಬಿದ್ದ ಸಂಖ್ಯೆ ತಪ್ಪೆಂಬ ನಿಯಮ ಬರೆದುಕೊಟ್ಟವಳು ಅವಳು. ಹನ್ನೆರಡು ವರ್ಷ ಒಂದೇ ಅಂಕಿ ತಿಂದು ಬೆಳೆದ ಯಂತ್ರಕ್ಕೆ ಹಿರೇಕೆರೆ ಎಂದರೆ ಕದಲದ ಕಲ್ಲು. ಕಲ್ಲು ಕರಗಿತು ಎಂದರೆ ಅದು ನಂಬುವುದು ಹೇಗೆ?

ಉಳಿದದ್ದು ಒಂದೇ ದಾರಿ, ಹಿಂದಿನ ದಾಖಲೆಯನ್ನೆಲ್ಲ ರದ್ದು ಮಾಡುವುದು. ಯಂತ್ರ ಕಾರಣ ಕೇಳಿತು. ತಪ್ಪನ್ನು ಮಕ್ಕಳ ಮೇಲೆ ಹಾಕಿದರೆ ನೀಲಾಂಬಿಕಾ ಉಳಿಯುತ್ತಿದ್ದಳು. ಹಾಕಲಿಲ್ಲ. ಬರೆದಳು: ‘ಮೊದಲ ವರ್ಷದ್ದನ್ನು ಬಿಟ್ಟರೆ ಈ ಅಂಕಿಗಳು ಕೆರೆಯಲ್ಲಿ ಅಳೆದವಲ್ಲ. ಒಂದು ಪುಸ್ತಕದಿಂದ ಬರೆದುಕೊಂಡವು. ಆ ಪುಸ್ತಕವನ್ನು ಮಾದರಿಯೆಂದು ಇಟ್ಟವಳು ನಾನು. ನಿಜ ಬರೆದವನಿಗೆ ತಪ್ಪು ಹಾಕಿದವಳೂ ನಾನು. ಉಳಿದ ಕಾಲೇಜುಗಳಲ್ಲೂ ಹೀಗೇ ಆಗಿರಬಹುದು. ಎಲ್ಲ ಕಡೆ ಅಧ್ಯಾಪಕರೇ ನೀರಿಗಿಳಿದು ಅಳೆಯಬೇಕೆಂದು ಕೇಳಿಕೊಳ್ಳುತ್ತೇನೆ.’

ಗೋಡೆಯ ದೀಪ ಕೆಂಪಾಗಲಿಲ್ಲ. ಆರಿಹೋಯಿತು. ಹಿರೇಕೆರೆಯ ಬಗ್ಗೆ ಯಂತ್ರಕ್ಕೆ ಈಗ ಏನೂ ಗೊತ್ತಿರಲಿಲ್ಲ. ಗೊತ್ತಾಗಲು ಸತತ ಹನ್ನೆರಡು ವಾರದ ಅಳತೆ ಬೇಕು, ಅಲ್ಲಿಯತನಕ ಗಟಾರ ಮುಚ್ಚುವ ಅಧಿಕಾರ ಯಾರಿಗೂ ಇಲ್ಲ ಎಂದು ಕಾಯಿದೆ ಹೇಳುತ್ತಿತ್ತು. ಪುರಸಭೆಯ ಅಧಿಕಾರಿ ಕಾಯಿದೆಯ ಪುಟ ತೆರೆದು ತೋರಿಸಿದ. ಬಡಾವಣೆಯ ಸಂಘದವರ ಮನೆಮನೆಗೆ ಹೋಗಿ ಅವಳು ಕೈಮುಗಿದಳು, ಹೊಲಸು ನೀರನ್ನು ಹನ್ನೆರಡು ವಾರ ಟ್ಯಾಂಕರಿನಲ್ಲಿ ಸಾಗಿಸಿರಿ ಎಂದಳು. “ನೀವ ಹಸಿರು ಅಂದ್ರಿ, ಈಗ ನೀವ ಅಲ್ಲಂತೀರಿ. ಯಾವುದನ್ನ ನಂಬೂಣ್ರಿ?” ಎಂದು ಅವರು ಕೇಳಿದರು.

ಮಾತು ಕೇಳಿದವರು ಮೀನುಗಾರರ ಓಣಿಯವರು ಮಾತ್ರ. ಕಸ್ತೂರಿ ಲೆಕ್ಕವನ್ನು ಅವರ ಮಾತಿನಲ್ಲಿ ಬಿಡಿಸಿ ಹೇಳಿದಳು. ಕೆರೆಗೆ ಹನ್ನೆರಡು ವಾರ ಬಿಡುವು ಕೊಡೋಣವೆಂದು ಮರುದಿನವೇ ತೆಪ್ಪಗಳೆಲ್ಲ ಏರಿಯ ಮೇಲೆ ಬೋರಲು ಬಿದ್ದವು. ಹೆಂಗಸರು ಪೇಟೆಯಲ್ಲಿ ಕೂಲಿಗೆ ಹೋದರು. ದುರ್ಗವ್ವ ಹೋಟೆಲೊಂದರಲ್ಲಿ ಪಾತ್ರೆ ತಿಕ್ಕಲು ಸೇರಿದಳು. ಕೆರೆ ಬದುಕಿದರೆ ನಾವು ಬದುಕಿದ ಹಾಗೆ ಎಂದು ಅವರಿಗೆ ಯಾವ ಸಮೀಕರಣವೂ ಕಲಿಸಬೇಕಾಗಿರಲಿಲ್ಲ.

ಕಾಲೇಜು ನೀಲಾಂಬಿಕಾಳನ್ನು ಅಮಾನತು ಮಾಡಿತು. ಅವಳು ದಿನಾ ಬೆಳಿಗ್ಗೆ ಕೆರೆಗೇ ಹೋದಳು. ಒಂದು ವಾರದ ಮೇಲೆ ಮಹಾಂತೇಶನೇ ಇಬ್ಬರಿಗಾಗುವಷ್ಟು ರೊಟ್ಟಿ ಪಲ್ಯ ಕಟ್ಟಿಕೊಟ್ಟ. “ಆ ಹುಡುಗಿಗೂ ಕೊಡು, ನೀರಾಗ ನಿಂತಿರತೈತಿ,” ಎಂದ.

ನಾಡಿ ಮೂವತ್ತೇಳಾಯಿತು, ನಲವತ್ತೆರಡಾಯಿತು, ಐವತ್ತು ದಾಟಿತು. ಐದನೆಯ ವಾರ ದೂರದ ಊರಿನ ಅಧ್ಯಾಪಕನೊಬ್ಬ ಫೋನು ಮಾಡಿದ. ಅವಳ ತರಬೇತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. “ಮೇಡಂ, ಯಂತ್ರದಲ್ಲಿ ನೀವು ಬರೆದದ್ದನ್ನು ನೋಡಿ ನಾನೇ ನೀರಿಗಿಳಿದೆ. ಆರು ಇದ್ದದ್ದು ಇಪ್ಪತ್ತೆರಡಾಗಿದೆ. ಇನ್ನೆಷ್ಟು ದಿನ ಇದೆ ಹೇಳಿ, ಎಷ್ಟಕ್ಕೆ ಬಂದರೆ ಮುಗಿಯಿತು ಅಂತ ಲೆಕ್ಕ?” ನೀಲಾಂಬಿಕಾಗೆ ಗೊತ್ತಿರಲಿಲ್ಲ. ಅಂಚಿನ ತನಕ ಹೋದ ಕೆರೆಯ ನಿಜವಾದ ದಾಖಲೆ ರಾಜ್ಯದಲ್ಲಿ ಎಲ್ಲೂ ಇರಲಿಲ್ಲ. ಹಾಗೆಂದು ಹೇಳಿ ಫೋನಿಟ್ಟಳು.

ಏಳನೆಯ ವಾರದ ಒಂದು ಬೆಳಿಗ್ಗೆ ಏರಿ ಹತ್ತುವಾಗಲೇ ವಾಸನೆ ಬಂತು. ಮೇಲೆ ಬಂದು ನೋಡಿದಳು. ಕೆರೆಯ ಈ ದಂಡೆಯಿಂದ ಆ ದಂಡೆಯವರೆಗೆ ನೀರು ಬೆಳ್ಳಗಿತ್ತು. ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನು. ಮೊಳದುದ್ದದ ಕಾಟ್ಲಾದಿಂದ ಬೆರಳುದ್ದದ ಮರಿಯ ತನಕ ಒಂದೂ ಉಳಿದಿರಲಿಲ್ಲ. ಓಣಿಯ ಹೆಂಗಸರು ದಂಡೆಯಲ್ಲಿ ಕೂತು, ಸತ್ತವರ ಮುಂದೆ ಅಳುವಂತೆ ಕೆರೆಯ ಗುಣ ಹೇಳಿಕೊಂಡು ಅಳುತ್ತಿದ್ದರು. ದುರ್ಗವ್ವ ಅಳುತ್ತಿರಲಿಲ್ಲ. ಕಲ್ಲಿನ ಮೇಲೆ ಕೈ ಚೆಲ್ಲಿ ಕೂತಿದ್ದಳು.

ಕಸ್ತೂರಿ ಸೊಂಟದುದ್ದ ನೀರಿನಲ್ಲಿ ಡ್ರಮ್ಮಿನ ಪಕ್ಕ ನಿಂತಿದ್ದಳು. ಎಡಗೈಯಿಂದ ಮೀನುಗಳನ್ನು ಸರಿಸಿ ಬಲಗೈಯಿಂದ ಮೀಟರು ಇಳಿಬಿಡುತ್ತಿದ್ದಳು. ಪುಸ್ತಕ ಡ್ರಮ್ಮಿನ ಅಂಚಿಗೆ ಒರಗಿತ್ತು. ಮುಖದ ತುಂಬ ಕಣ್ಣೀರು.

“ಕಸ್ತೂರಿ, ಮ್ಯಾಲ ಬಾರವ್ವ,” ನೀಲಾಂಬಿಕಾ ಕೂಗಿದಳು. “ಮುಗೀತು. ಇನ್ನೇನ ಅಳೆಯೂದೈತಿ?”

“ಬರಂಗಿಲ್ರಿ ಮೇಡಂ,” ಹುಡುಗಿ ತಿರುಗಿ ನೋಡದೆ ಹೇಳಿದಳು. “ನಿನ್ನೆ ಸಂಜಿತನಾ ಎಷ್ಟಿತ್ತು, ನಸುಕಿನ್ಯಾಗ ಎಷ್ಟಾತು, ಎಲ್ಲಾ ಬರದೇನಿ. ಇನ್ನೂ ನಾನೂರಾ ಹನ್ನೊಂದು ಕೆರಿ ಅದಾವಲ್ರಿ. ಕೆರಿ ಹೆಂಗ ಸಾಯತೈತಿ ಅಂತ ಅವರಿಗೆ ಒಂದರ ಖರೇ ಲೆಕ್ಕ ಬೇಕಲ್ರಿ. ನಾವ ಬರೀಲಿಲ್ಲಂದ್ರ ಅವರು ಎಲ್ಲಿ ನೋಡಿ ಬರ್ಕೋಬೇಕು?”

ನೀಲಾಂಬಿಕಾ ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೀನುಗಳ ನಡುವೆ ಕಾಲಿಡುತ್ತ ಡ್ರಮ್ಮಿನ ತನಕ ನಡೆದಳು. ಪುಸ್ತಕ ಎತ್ತಿಕೊಂಡಳು.

“ಹೇಳು.”

“ಡ್ರಮ್ಮಿನ ಒಳಗ ಸೊನ್ನಿ ಬಿಂದು ಒಂದು.”

“ಹೊರಗ?”

ಕಸ್ತೂರಿ ಮೀಟರನ್ನು ಹೊರಗಿನ ನೀರಿಗೆ ಇಳಿಬಿಟ್ಟು ಓದಿದಳು. “ಹೊರಗೂ ಅಷ್ಟ ರೀ.”

ಎರಡೂ ಕಡೆ ಆಮ್ಲಜನಕ ಬರಿದಾಗಿ ಒಳಗೂ ಹೊರಗೂ ಸಮ. ಸಮಕ್ಕೆ ಬಂದರೆ ಕೆರೆ ಸುಧಾರಿಸಿಕೊಂಡ ಹಾಗೆ. ಸಮೀಕರಣಕ್ಕೆ ಈ ಅಂಕಿ ಹಾಕಿದರೆ ಹಿರೇಕೆರೆಗಿಂತ ಗಟ್ಟಿ ಕೆರೆ ರಾಜ್ಯದಲ್ಲೇ ಇಲ್ಲ ಎಂದು ಉತ್ತರ ಬರುತ್ತಿತ್ತು. ನೀಲಾಂಬಿಕಾ ಎರಡೂ ಸಂಖ್ಯೆಗಳನ್ನು ಬರೆದಳು. ಆಮೇಲೆ ಷರಾ ಕಾಲಮ್ಮಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು: ‘ಈ ಎರಡು ಅಂಕಿಗಳನ್ನು ಮಾತ್ರ ನೋಡಬೇಡಿ. ಕೆರೆ ಸತ್ತಿದೆ. ನಾವಿಬ್ಬರೂ ನೀರಿನಲ್ಲಿ ನಿಂತು ನೋಡಿದ್ದೇವೆ.’ ಕೆಳಗೆ ಕಸ್ತೂರಿ ಸಹಿ ಹಾಕಿದಳು, ಅವಳ ಕೆಳಗೆ ನೀಲಾಂಬಿಕಾ ಹಾಕಿದಳು.

ಮುಂದಿನ ಅಳತೆಗೆ ಇನ್ನೂ ಅರ್ಧ ತಾಸಿತ್ತು. ಇಬ್ಬರೂ ಅಲ್ಲೇ ನಿಂತು ಕಾದರು.